ಹಿತ್ತಲಿನ ಎಣ್ಣೆ ತೊಟ್ಟಿ

ತುಮಕೂರಿನ ಕಡೆಯಿಂದ ಬಂದು ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ಬಸ್ಸಿಳಿದರೆ ತೆಂಗಿನ ಮೂರು ತಾಲ್ಲೂಕುಗಳ ದಾರಿಯೂ ಅಲ್ಲೇ ಕವಲೊಡೆಯುತ್ತದೆ. ನೇರ ಹೋದರೆ ತಿಪಟೂರು, ಎಡಕ್ಕೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ. ನಾನು ಯಾವ ಕಡೆ ತಿರುಗಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಳಗೆ ಬಿಟ್ಟವರಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ. ನೋಡಲು ಹೋದದ್ದು ಒಂದು ಕಾಯಿಪುಡಿ ಕಾರ್ಖಾನೆ. ಅದರಲ್ಲೂ ಮುಖ್ಯವಾಗಿ ಅದರ ಹಿತ್ತಲಿನಲ್ಲಿರುವ ಒಂದು ತೊಟ್ಟಿಯನ್ನು.

ತೊಟ್ಟಿಯೇ ಏಕೆ ಎಂದು ಕೇಳಬಹುದು. ಈ ಸೀಮೆಯ ಹಳೆಯ ಕಸುಬು ಒಣ ಕಸುಬು. ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಅದಕ್ಕೆ ಒಲೆ ಬೇಡ, ಹೊಗೆ ಬೇಡ, ಒಂದು ಚೊಂಬು ನೀರೂ ಬೇಡ. ತಿಪಟೂರಿನ ಕೊಬ್ಬರಿಗೆ ಉತ್ತರ ಭಾರತದಲ್ಲಿ ಹೆಸರು ಬಂದದ್ದು ಈ ಅಟ್ಟಗಳಿಂದ. ಕಾಯಿಪುಡಿ ಹಾಗಲ್ಲ. ಹಸಿ ಕಾಯಿಯನ್ನೇ ಒಡೆಯಬೇಕು, ತೊಳೆಯಬೇಕು, ಬಿಸಿ ನೀರು ಕಾಣಿಸಬೇಕು, ಅರೆದು ಒಣಗಿಸಬೇಕು. ತೊಳೆದ ನೀರು ಎಲ್ಲಿಗೋ ಹೋಗಲೇಬೇಕು. ಅದು ಎಲ್ಲಿಗೆ, ಹೇಗೆ ಹೋಗುತ್ತದೆ ಎಂಬುದನ್ನು ನೀರಿನ ಜೊತೆಯಲ್ಲೇ ನಡೆದು ನೋಡೋಣ ಎಂದುಕೊಂಡೆ.

ಗೇಟು ದಾಟಿದೊಡನೆ ಸುಲಿದ ಕಾಯಿಗಳ ರಾಶಿ. ಜುಟ್ಟು ಮಾತ್ರ ಉಳಿದ ಕಾಯಿಗಳನ್ನು ಶೆಡ್ಡಿನ ಅರ್ಧ ಎತ್ತರಕ್ಕೆ ಪೇರಿಸಿದ್ದರು. ಪಕ್ಕದಲ್ಲಿ ಟಕಟಕ ಸದ್ದು. ಸಾಲಾಗಿ ಕುಳಿತವರು ಸಣ್ಣ ಕೊಡಲಿಯಂಥ ಕತ್ತಿಯಲ್ಲಿ ಕರಟಕ್ಕೆ ಬಡಿಯುತ್ತ, ಒಳಗಿನ ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸುತ್ತಿದ್ದರು. ಒಂದು ಕಾಯಿಗೆ ಹತ್ತು ಹನ್ನೆರಡು ಏಟು ಸಾಕು. ಬಿಡಿಸಿದ ಕರಟ ಬಾಯ್ಲರಿಗೆ ಹೋಗುತ್ತದೆ. ಈ ಕಾರ್ಖಾನೆ ಸೌದೆ ಕೊಳ್ಳುವುದಿಲ್ಲವಂತೆ.

ಮುಂದಿನ ಕೋಣೆಯಲ್ಲಿ ಹೆಂಗಸರು ತಿರುಳಿನ ಕಂದು ಸಿಪ್ಪೆ ಹೆರೆಯುತ್ತಿದ್ದರು. ಸುರುಳಿ ಸುರುಳಿಯಾಗಿ ಬೀಳುವ ಆ ಸಿಪ್ಪೆಯನ್ನು ಒಣಗಿಸಿ ಗಾಣಕ್ಕೆ ಹಾಕಿದರೆ ಎಣ್ಣೆ ಬರುತ್ತದೆ. ಅದನ್ನು ಯಾರೂ ಎಸೆಯುವುದಿಲ್ಲ. ನೆಲದ ಮೇಲೆ ಬಿದ್ದ ತುಣುಕುಗಳನ್ನು ಇಬ್ಬರು ಹೆಂಗಸರು ಒಣ ಪೊರಕೆಯಲ್ಲಿ ಗುಡಿಸಿ ಬಕೆಟ್ಟಿಗೆ ತುಂಬುತ್ತಿದ್ದರು. ಗುಡಿಸಿದ ಮೇಲೆಯೇ ಇನ್ನೊಬ್ಬಳು ಪೈಪು ಹಿಡಿದು ನೀರು ಬಿಟ್ಟಳು. ಅದು ಆಗ ನನಗೆ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಹಿತ್ತಲಿಗೆ ಹೋಗಿ ಬಂದ ಮೇಲೆ ಆ ಪೊರಕೆಯ ಬೆಲೆ ತಿಳಿಯಿತು.

ಬಿಳಿ ಉಂಡೆಯನ್ನು ಒಡೆದು ಕಾಯಿನೀರು ಸುರಿಯುವ ಜಾಗ ಅದರ ಆಚೆ. ಬಲಿತ ಕಾಯಿಯೊಂದರಲ್ಲಿ ಒಂದು ಸಣ್ಣ ಲೋಟದಷ್ಟು ನೀರಿದ್ದರೂ ಹತ್ತು ಸಾವಿರ ಕಾಯಿಗೆ ಸಾವಿರ ಲೀಟರು ದಾಟುತ್ತದೆ. ಸಿಹಿ ನೀರು, ಒಂದೇ ರಾತ್ರಿಯಲ್ಲಿ ಹುಳಿಯುತ್ತದೆ. ಇಲ್ಲಿ ಅದಕ್ಕೆ ಬೇರೆ ಪೈಪು ಹಾಕಿದ್ದರು. ಆದರೆ ಕೆಳಗೆ ಚೆಲ್ಲಿದ ಪಾಲೂ ಕಡಿಮೆ ಇರಲಿಲ್ಲ. ಅದೆಲ್ಲ ತೊಳೆಯುವ ನೀರಿನೊಂದಿಗೆ ಗೋಡೆ ಪಕ್ಕದ ಚರಂಡಿಗೆ ಇಳಿಯುತ್ತಿತ್ತು. ತಿರುಳು ತೊಳೆಯುವ ತೊಟ್ಟಿ, ಬಿಸಿ ನೀರಿನ ತೊಟ್ಟಿ, ಅರೆಯುವ ಯಂತ್ರ, ಒಣಗಿಸುವ ಯಂತ್ರ, ಜರಡಿ, ಇವನ್ನೆಲ್ಲ ಗಾಜಿನ ಹೊರಗಿನಿಂದ ನೋಡಿ ಮುಂದೆ ನಡೆದೆ. ನನಗೆ ಬೇಕಾಗಿದ್ದದ್ದು ಚರಂಡಿ.

ಚರಂಡಿಯ ನೀರು ಹಾಲು ಬೆರೆಸಿದ ಹಾಗೆ ಮಂಕು ಬಿಳಿ. ಗೋಡೆಯ ಕೆಳಗಿನ ಕಂಡಿಯಿಂದ ಹೊರಬಂದು ಮೊದಲು ಒಂದು ಸ್ಟೀಲ್ ಜಾಲರಿ ಮುಟ್ಟುತ್ತದೆ. ತಿರುಳಿನ ಚೂರು, ನಾರು, ಒಂದೆರಡು ಕರಟದ ತುಂಡು ಅಲ್ಲಿ ನಿಲ್ಲುತ್ತವೆ. ಅಲ್ಲಿಂದ ನಾಲ್ಕು ಹೆಜ್ಜೆಗೆ ನಾನು ಹುಡುಕಿಕೊಂಡು ಬಂದ ಎಣ್ಣೆ ತೊಟ್ಟಿ. ಅಲ್ಲಿನವರ ಬಾಯಲ್ಲಿ ‘ಆಯಿಲ್ ಟ್ರ್ಯಾಪ್’.

ನೋಡಿದೊಡನೆ ಸ್ವಲ್ಪ ನಿರಾಸೆಯಾಯಿತು. ಯಂತ್ರ ಏನಾದರೂ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ನೆಲದೊಳಗೆ ಕಟ್ಟಿದ ಸಿಮೆಂಟಿನ ಒಂದು ಉದ್ದನೆಯ ಗುಂಡಿ. ನನ್ನ ಹೆಜ್ಜೆಯಲ್ಲಿ ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ. ಆಳ ಐದು ಅಡಿ ಎಂದು ಹೇಳಿದರು. ಮೇಲೆ ಮೂರು ಮುಚ್ಚಳ. ಮೋಟಾರಿಲ್ಲ, ಸ್ವಿಚ್ಚಿಲ್ಲ, ಸದ್ದೂ ಇಲ್ಲ.

ನೋಡಿಕೊಳ್ಳುವವರು ಐವತ್ತು ದಾಟಿದವರು. ಮೊದಲು ತೋಟದ ಕೆಲಸದಲ್ಲಿದ್ದವರಂತೆ. ಮೊದಲ ಮುಚ್ಚಳವನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಒಳಗೆ ಬಿಳಿ ಹಾಸು, ಚಳಿಗಾಲದಲ್ಲಿ ಹೆರೆತ ತುಪ್ಪದ ಹಾಗೆ. ಕೋಲಿನ ತುದಿಯಿಂದ ತಟ್ಟಿದರೆ ಠಣ್ ಎನ್ನದಿದ್ದರೂ ಮೆತ್ತಗೂ ಇರಲಿಲ್ಲ. ಬೆಳಗಿನ ಎಂಟು ಗಂಟೆ, ಗಾಳಿಯಲ್ಲಿ ಚಳಿ ಇತ್ತು.

“ಬೇಸಿಗೇಲಿ ಬಂದಿದ್ರೆ ಇದು ನೀರಿನ ಮೇಲೆ ಎಣ್ಣೆ ಥರಾನೇ ಕಾಣೋದು ಸಾರ್. ಈಗ ಕಲ್ಲು. ಹನ್ನೊಂದು ಗಂಟೆ ಮೇಲೆ ಬಿಸಿಲು ಬಿದ್ರೆ ಕರಗುತ್ತೆ” ಎಂದರು.

ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗತೊಡಗುತ್ತದೆ ಎಂಬುದು ನಮ್ಮ ಬಚ್ಚಲುಮನೆಯ ಬಾಟಲಿಯಿಂದಲೇ ಎಲ್ಲರಿಗೂ ಗೊತ್ತು. ಈ ಸೀಮೆ ಸಮುದ್ರ ಮಟ್ಟಕ್ಕಿಂತ ಸುಮಾರು ಎಂಟುನೂರು ಮೀಟರ್ ಎತ್ತರದಲ್ಲಿದೆ. ಮಾರ್ಗಶಿರ, ಪುಷ್ಯದ ರಾತ್ರಿಗಳಲ್ಲಿ ಪಾದರಸ ಅದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ಕರಾವಳಿಯ ಎಣ್ಣೆ ಮಿಲ್ಲಿನವರಿಗೆ ಅಷ್ಟಾಗಿ ಕಾಡದ ಒಂದು ತೊಂದರೆ ತಿಪಟೂರಿನವರಿಗೆ ಬರುವುದು ಇಲ್ಲಿ. ಎಣ್ಣೆ ತೊಟ್ಟಿಯಲ್ಲಿ ಗಟ್ಟಿಯಾದರೆ ಒಳ್ಳೆಯದೇ, ಹಲಗೆಯಂತೆ ಎತ್ತಿ ತೆಗೆಯಬಹುದು. ತೊಟ್ಟಿ ಸೇರುವ ಮೊದಲೇ ಪೈಪಿನೊಳಗೆ ಗಟ್ಟಿಯಾದರೆ ಕಷ್ಟ. ದಿನಕ್ಕೊಂದು ಪದರ ಅಂಟುತ್ತ ನಾಲ್ಕಿಂಚಿನ ಪೈಪು ಒಂದಿಂಚಿಗೆ ಇಳಿಯುತ್ತದೆ. ಅದಕ್ಕೇ ಇಲ್ಲಿ ಪೈಪು ತೆಗೆದು ಮೇಲ್ಗಡೆ ತೆರೆದಿರುವ ಚರಂಡಿ ಮಾಡಿದ್ದಾರೆ. ಸಲಿಕೆ ಹಾಕಿ ಕೆರೆಯಲು ಬರುತ್ತದೆ.

ತೊಟ್ಟಿ ಕೆಲಸ ಮಾಡುವ ಬಗೆ ನಮ್ಮ ಅಡಿಗೆ ಮನೆಯದೇ. ಕಾಯಿಹಾಲು ಹಿಂಡಿ ಇಟ್ಟರೆ ಕೆನೆ ಮೇಲೆ ಬರುವುದಿಲ್ಲವೇ, ಹಾಗೆ. ಒಂದು ಲೀಟರ್ ತೆಂಗಿನೆಣ್ಣೆಯ ತೂಕ ಸುಮಾರು 920 ಗ್ರಾಂ, ನೀರಿನದು ಒಂದು ಕಿಲೋ. ಆ ಎಂಬತ್ತು ಗ್ರಾಂ ವ್ಯತ್ಯಾಸವೇ ಇಡೀ ತೊಟ್ಟಿಯ ಬಂಡವಾಳ. ನೀರು ನಿಧಾನವಾದರೆ ಎಣ್ಣೆ ಮೇಲೇರುತ್ತದೆ, ಮಣ್ಣು ಮಸಿ ಕೆಳಗಿಳಿಯುತ್ತದೆ, ನಡುವಿನ ನೀರು ಮುಂದೆ ಹೋಗುತ್ತದೆ. ತೊಟ್ಟಿಯೊಳಗೆ ಎರಡು ಅಡ್ಡಗೋಡೆಗಳಿವೆ. ಅವು ಮೇಲಿನಿಂದ ನೀರಿನೊಳಕ್ಕೆ ಇಳಿದು ತಳಕ್ಕೆ ಒಂದೂವರೆ ಅಡಿ ಇರುವಲ್ಲಿ ನಿಲ್ಲುತ್ತವೆ. ಮುಂದಿನ ಕೋಣೆಗೆ ಹೋಗಬೇಕಾದ ನೀರು ಗೋಡೆಯ ಕೆಳಗೆ ನುಸುಳಿಯೇ ಹೋಗಬೇಕು. ತೇಲುವ ಎಣ್ಣೆಗೆ ಕೆಳಗೆ ಮುಳುಗಲು ಬಾರದು, ಅದು ಇತ್ತಲೇ ಉಳಿಯುತ್ತದೆ. ಕೊನೆಯ ಕೋಣೆಯಲ್ಲಿ ಹೊರಹೋಗುವ ಪೈಪಿಗೆ ಇಂಗ್ಲಿಷಿನ ‘ಟಿ’ ಅಕ್ಷರದಂಥ ತುಂಡು ಜೋಡಿಸಿ ಅದರ ಒಂದು ಬಾಯಿಯನ್ನು ನೀರಿನ ಆಳಕ್ಕೆ ಇಳಿಬಿಟ್ಟಿದ್ದಾರೆ. ಕೆನೆ ಬಿಟ್ಟು ಕೆಳಗಿನ ಹಾಲನ್ನಷ್ಟೇ ಹೀರಿದ ಹಾಗೆ.

ಹಾಗಿದ್ದರೆ ಎಣ್ಣೆಯೆಲ್ಲ ಇಲ್ಲೇ ನಿಲ್ಲಬೇಕಲ್ಲ ಎಂದು ಕೇಳಿದೆ. ನಿಲ್ಲುವುದಿಲ್ಲ. ಹನಿ ಎಷ್ಟು ದೊಡ್ಡದು ಎಂಬುದರ ಮೇಲೆ ಎಲ್ಲವೂ ನಿಂತಿದೆ. 1851ರಲ್ಲಿ ಕೇಂಬ್ರಿಜ್‌ನ ಗಣಿತಜ್ಞರೊಬ್ಬರು ಕೊಟ್ಟ ಸೂತ್ರವೇ ಇಂದಿಗೂ ಇಂಥ ತೊಟ್ಟಿಗಳ ಲೆಕ್ಕಕ್ಕೆ ಆಧಾರ: ಹನಿಯ ಗಾತ್ರ ಅರ್ಧವಾದರೆ ಮೇಲೇರುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಅಲ್ಲೇ ಗೋಡೆಗೊರಗಿ ಕಾಗದದ ಮೇಲೆ ಲೆಕ್ಕ ಹಾಕಿದೆ. 0.15 ಮಿಲಿಮೀಟರಿನ ತೆಂಗಿನೆಣ್ಣೆಯ ಹನಿ ನಿಂತ ನೀರಿನಲ್ಲಿ ಒಂದು ಮೀಟರ್ ಮೇಲೇರಲು ಹದಿನಾರು ನಿಮಿಷ. ಅದರ ಅರ್ಧ ಗಾತ್ರದ ಹನಿಗೆ ಒಂದು ಗಂಟೆಯ ಮೇಲೆ. ಹತ್ತನೇ ಒಂದು ಭಾಗದ ಹನಿಗೆ ಒಂದು ಹಗಲು, ಒಂದು ರಾತ್ರಿ ಕಳೆದರೂ ಸಾಲದು.

ಈಗ ತೊಟ್ಟಿಯ ಕಡೆ ನೋಡಿ. ಇದು ಹಿಡಿಯುವುದು ಸುಮಾರು ಆರು ಸಾವಿರ ಲೀಟರು. ಗಂಟೆಗೆ ಮೂರು ಸಾವಿರ ಲೀಟರು ಬಂದರೆ ನೀರಿಗೆ ಇಲ್ಲಿ ಎರಡು ಗಂಟೆ ತಂಗಲು ಸಮಯ. ಸಂಜೆ ಪಾಳಿ ಮುಗಿದು ಎಲ್ಲ ಕೋಣೆಗಳನ್ನೂ ಒಟ್ಟಿಗೆ ತೊಳೆದು ಗಂಟೆಗೆ ಒಂಬತ್ತು ಸಾವಿರ ನುಗ್ಗಿದರೆ ನಲವತ್ತೇ ನಿಮಿಷ. ಮೇಲೆ ಒಂದಡಿ ಎಣ್ಣೆ, ಕೆಳಗೆ ಒಂದಡಿ ಕೆಸರು ಕುಳಿತಿದ್ದರೆ ಅದೂ ಇಲ್ಲ. ಹೊರಗಿನಿಂದ ತೊಟ್ಟಿ ಅದೇ ಅಳತೆಯದು. ಒಳಗಿನಿಂದ ಅದು ದಿನದಿನಕ್ಕೂ ಚಿಕ್ಕದಾಗುತ್ತ ಹೋಗುತ್ತದೆ. ತೊಟ್ಟಿ ಕಟ್ಟಿಸಿ ಮರೆತವರ ತೊಟ್ಟಿಗಳು ಕೆಲಸ ನಿಲ್ಲಿಸುವುದು ಹೀಗೆ, ಸದ್ದಿಲ್ಲದೆ.

ಎಣ್ಣೆ, ಕೆಸರು ಎಷ್ಟಿದೆ ಎಂದು ತೊಟ್ಟಿ ನೋಡಿಕೊಳ್ಳುವವರು ಅಳೆಯುವ ರೀತಿ ನೋಡಿ ಮೆಚ್ಚಿಕೊಂಡೆ. ಒಂದಿಂಚಿನ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಅದರ ಮೇಲೆ ಕಪ್ಪು ಬಣ್ಣದಲ್ಲಿ ಇಂಚಿನ ಗೆರೆ. ಗಟ್ಟಿ ಹಾಸಿನಲ್ಲಿ ಮೊದಲು ಕೋಲಿನಿಂದ ಕಿಂಡಿ ಮಾಡಿ ಕೊಳವೆಯನ್ನು ತಳದವರೆಗೆ ನಿಧಾನವಾಗಿ ಇಳಿಸಿದರು. ಮೇಲಿನ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದು ಎತ್ತಿದರು. ಕೊಳವೆಯೊಳಗೆ ತೊಟ್ಟಿಯದೇ ಒಂದು ಸಣ್ಣ ಪ್ರತಿ ನಿಂತಿತ್ತು: ಮೇಲೆ ಮೂರು ಬೆರಳು ಎಣ್ಣೆ, ನಡುವೆ ಮಂಕು ನೀರು, ಕೆಳಗೆ ನಾಲ್ಕೈದು ಬೆರಳು ಕಪ್ಪು ಕೆಸರು. ಎಣ್ಣೆ, ಕೆಸರು ಎರಡೂ ಸೇರಿ ಆಳದ ಕಾಲು ಭಾಗ ಮುಟ್ಟುವುದರೊಳಗೆ ತೊಟ್ಟಿ ಖಾಲಿ ಮಾಡಬೇಕು. ಇದು ಹೋಟೆಲ್ ಅಡಿಗೆ ಮನೆಯ ತೊಟ್ಟಿಯಿಂದ ಹಿಡಿದು ಎಲ್ಲ ಕಡೆ ಪಾಲಿಸುವ ಅಳತೆ. ಇಲ್ಲಿ ಅಷ್ಟು ಕಾಯುವುದಿಲ್ಲ. ಮೇಲಿನದನ್ನು ದಿನಾ ಬೆಳಗ್ಗೆ ತೂತಿನ ಸೌಟಿನಲ್ಲಿ ತೆಗೆಯುತ್ತಾರೆ. ತಳದ ಕೆಸರನ್ನು ಹದಿನೈದು ದಿನಕ್ಕೊಮ್ಮೆ ಪಂಪಿನಿಂದ ಎಳೆಯುತ್ತಾರೆ. ಅಳತೆಯನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ನಾನು ಹಾಳೆ ತಿರುವಿದೆ. ಕೆಲವು ಸಾಲುಗಳಲ್ಲಿ ಅಂಕಿಗಳು ವಾರಗಟ್ಟಲೆ ಒಂದೇ ಇದ್ದವು. ನಿಜಕ್ಕೂ ಹಾಗಿತ್ತೋ, ಒಂದೇ ದಿನ ಕುಳಿತು ತುಂಬಿದ್ದೋ ನನಗೆ ಖಚಿತವಾಗಲಿಲ್ಲ, ಕೇಳಲೂ ಇಲ್ಲ. ಕಣ್ಣೆದುರು ಅಳೆದದ್ದನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಒಂದು ಮಾತನ್ನು ಅವರು ಒತ್ತಿ ಹೇಳಿದರು. ತೊಟ್ಟಿ ಪೂರ್ತಿ ಖಾಲಿ ಮಾಡಿ ತೊಳೆದ ದಿನ, ಕಾರ್ಖಾನೆಯ ನೀರು ಬಿಡುವ ಮೊದಲು ಬೋರ್‌ವೆಲ್ಲಿನ ಒಳ್ಳೆ ನೀರು ತುಂಬಬೇಕು. “ಖಾಲಿ ತೊಟ್ಟಿಗೆ ಬಿಟ್ರೆ ಎಣ್ಣೆ ನೆಲದ ಮೇಲೆ ಹರಿದು ಗೋಡೆ ಕೆಳಗೆ ಸೀದಾ ನುಗ್ಗುತ್ತೆ ಸಾರ್. ನೀರಿದ್ರೆ ತಾನೇ ಅದು ತೇಲೋದು?” ಎಷ್ಟು ಸರಳ! ಆದರೂ ಹೇಳದಿದ್ದರೆ ನನಗೆ ಹೊಳೆಯುತ್ತಿರಲಿಲ್ಲ. ಶುಚಿ ಮಾಡಿದ ದಿನವೇ ಎಣ್ಣೆ ಅತಿ ಹೆಚ್ಚು ತಪ್ಪಿಸಿಕೊಳ್ಳಬಹುದು ಎಂದು ಯಾರು ತಾನೇ ಊಹಿಸುತ್ತಾರೆ?

ತೆಗೆದ ಎಣ್ಣೆ ನೀಲಿ ಡ್ರಮ್ಮಿನಲ್ಲಿತ್ತು. ಕೌಟು ವಾಸನೆ ಮೂಗಿಗೆ ಬಡಿಯುವಷ್ಟಿತ್ತು. ತಿನ್ನಲು ಖಂಡಿತ ಬಾರದು. ಸೋಪು ಮಾಡುವವರು ಒಯ್ಯುತ್ತಾರೆ ಎಂದರು. ಆ ಡ್ರಮ್ಮಿನ ಮೇಲೆ ‘ತಿನ್ನಲು ಯೋಗ್ಯವಲ್ಲ’ ಎಂದು ಬರೆದಿರಲಿಲ್ಲ. ಬರೆಯಲೇಬೇಕು. ದೀಪದೆಣ್ಣೆ ಎಂದು ಯಾರಾದರೂ ಮನೆಗೆ ಒಯ್ದರೂ ಅದು ಒಂದು ದಿನ ಬಾಣಲೆಗೆ ಬೀಳಬಹುದು.

ಮೂರನೆಯ ಮುಚ್ಚಳ ತೆಗೆದಾಗ ನೀರಿನ ಮೇಲೆ ಹಾಸು ಇರಲಿಲ್ಲ. ಆದರೆ ನೀರು ತಿಳಿಯಾಗಿಯೂ ಇರಲಿಲ್ಲ, ಹಾಲಿನಂತೆ ಬೆಳ್ಳಗೇ ಇತ್ತು. ಈ ಬಿಳುಪೇ ತೊಟ್ಟಿಯ ಕೈಗೆ ಸಿಗದ ಎಣ್ಣೆ. ಕಾಯಿಹಾಲಿನಲ್ಲಿರುವ ಪ್ರೋಟೀನು ಎಣ್ಣೆಯ ಸಣ್ಣ ಹನಿಗಳನ್ನು ಸುತ್ತಿಕೊಂಡು ಒಂದನ್ನೊಂದು ಕೂಡಲು ಬಿಡುವುದಿಲ್ಲ. ಅದರ ಜೊತೆಗೆ ನೆಲ ತೊಳೆಯುವ ಸೋಪಿನ ಪುಡಿ, ಯಂತ್ರ ತೊಳೆಯುವ ಕಾಸ್ಟಿಕ್ ಸೋಡಾ, ಕುದಿಯುವ ನೀರು ಬಂದರೆ ತೇಲಿದ್ದ ಎಣ್ಣೆಯೂ ಮತ್ತೆ ಬೆರೆತು ಕೋಣೆಯಿಂದ ಕೋಣೆಗೆ ಜಾರಿಹೋಗುತ್ತದೆ. ಮುಂದೆ ಎಲ್ಲೋ ತಣ್ಣಗಾದ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ. ತೊಟ್ಟಿ ಕಟ್ಟಿದೆ ಎಂಬ ಧೈರ್ಯದಿಂದ ಬಿಸಿ ನೀರು ಸುರಿಯುವುದು ತೊಟ್ಟಿಯೇ ಇಲ್ಲದ್ದಕ್ಕೆ ಸಮ. ಈ ಬೆರೆತ ಎಣ್ಣೆಗೆ ಮುಂದಿನ ಹಂತದಲ್ಲಿ ಆಮ್ಲ ಅಥವಾ ಪಟಿಕ ಬೆರೆಸಿ ಹನಿಗಳನ್ನು ಒಡೆಯಬೇಕು, ಇಲ್ಲವೇ ತಳದಿಂದ ಸಣ್ಣ ಗಾಳಿಗುಳ್ಳೆ ಬಿಟ್ಟು ಎಣ್ಣೆಯನ್ನು ಮೇಲೆ ತರಬೇಕು. ಎರಡಕ್ಕೂ ಖರ್ಚಿದೆ, ಕರೆಂಟು ಬೇಕು.

ಆಗ ಒಳಗಿನ ಒಣ ಪೊರಕೆ ನೆನಪಿಗೆ ಬಂತು. ಬಕೆಟ್ಟಿಗೆ ಹೋದ ಸಿಪ್ಪೆ ನೀರಿಗೆ ಎಣ್ಣೆ ಬಿಡುವುದಿಲ್ಲ. ಹಸಿ ತಿರುಳಿನ ಮೂರನೇ ಒಂದು ಭಾಗ ಎಣ್ಣೆಯೇ. ಮೂರು ಕಿಲೋ ತುಣುಕು ಗುಡಿಸಿದರೆ ಒಂದು ಕಿಲೋ ಎಣ್ಣೆ ಚರಂಡಿಗೆ ಇಳಿಯದೆ ಉಳಿಯಿತು. ಅದು ಸೋಪಿನ ಡ್ರಮ್ಮಿನ ಬದಲು ಗಾಣಕ್ಕೆ ಹೋಗಿ ಒಳ್ಳೆಯ ಬೆಲೆಗೆ ಮಾರಾಟವಾಗುತ್ತದೆ. ಇಡೀ ಶುದ್ಧೀಕರಣದಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನ ಸಲಕರಣೆ ಆ ಪೊರಕೆ. ಅದನ್ನು ಹಿಡಿದವರಿಗೆ ಈ ಲೆಕ್ಕವನ್ನು ಯಾರಾದರೂ ಹೇಳಿದ್ದಾರೆಯೇ ಎಂದು ವಾಪಸು ಬರುವಾಗ ಕೇಳಿದೆ. “ಗುಡ್ಸಿ ಅಂದ್ರು, ಗುಡಿಸ್ತೀವಿ” ಎಂದು ನಕ್ಕರು.

ಇನ್ನೂ ಒಂದು ಸಂಗತಿ ಬರೆಯದೆ ಮುಂದೆ ಹೋಗಲಾರೆ. ಎರಡನೇ ಮುಚ್ಚಳ ತೆಗೆದಾಗ ನಾನು ಬಗ್ಗಿ ನೋಡಲು ಹೋದೆ. ತೊಟ್ಟಿ ನೋಡಿಕೊಳ್ಳುವವರು ಭುಜ ಹಿಡಿದು ಹಿಂದಕ್ಕೆಳೆದರು. “ಸ್ವಲ್ಪ ತಡೀರಿ, ಗಾಳಿ ಆಡ್ಲಿ.” ತಳದ ಕೆಸರು ಕೊಳೆತಾಗ ಬರುವ ಕೊಳೆಮೊಟ್ಟೆ ವಾಸನೆಯ ಗಾಳಿ ವಿಷ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ. ವಾಸನೆ ಇಲ್ಲ ಎಂದು ಇಳಿದವರು ಮೇಲೆ ಬರಲಿಲ್ಲ ಎಂಬ ಸುದ್ದಿಯನ್ನು ನಾವೆಲ್ಲ ಎಷ್ಟು ಬಾರಿ ಓದಿಲ್ಲ. ಐದು ಅಡಿ ಗುಂಡಿ ಎಂದು ಯಾರೂ ಇಳಿಯಬಾರದು. ಇಲ್ಲಿ ಉದ್ದ ಹಿಡಿಯ ಸೌಟು, ಪಂಪಿನ ಕೊಳವೆ, ಎರಡೂ ಮೇಲೆ ನಿಂತೇ ಕೆಲಸ ಮಾಡುವಂತಿದ್ದವು.

ಅಲ್ಲಿಂದ ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ನೀರನ್ನು ಕೂಡಿಸಿಟ್ಟು ಹುಳಿ ಸರಿಪಡಿಸಲು ಸುಣ್ಣ ಹಾಕುವ ತೊಟ್ಟಿ, ಗಾಳಿ ಊದಿ ಸೂಕ್ಷ್ಮಜೀವಿಗಳಿಗೆ ಕೊಳೆ ತಿನ್ನಿಸುವ ದೊಡ್ಡ ತೊಟ್ಟಿ, ಕೆಸರು ಇಳಿಯಲು ಇನ್ನೊಂದು, ಮರಳಿನ ಸೋಸುಕ. ಗಾಳಿ ತೊಟ್ಟಿಯ ಮೇಲೆ ಕಂದು ನೊರೆ ಇತ್ತು. ಎಣ್ಣೆ ತೊಟ್ಟಿಯಿಂದ ತಪ್ಪಿಸಿಕೊಂಡದ್ದು ಇಲ್ಲಿಗೆ ಬಂದರೆ ಈ ಜೀವಿಗಳ ಮೈಗೆ ಅಂಟಿಕೊಂಡು ಅವುಗಳಿಗೆ ಗಾಳಿ ಸಿಗದಂತೆ ಮಾಡುತ್ತದೆ, ಕೆಸರು ತಳಕ್ಕಿಳಿಯದೆ ತೇಲುತ್ತದೆ. ಆ ನೊರೆ ಎಣ್ಣೆಯದೋ, ಪ್ರತಿದಿನದ್ದೋ ನಾನು ಹೇಳಲಾರೆ.

ಕೊನೆಯ ಪೈಪು ತೆಂಗಿನ ತೋಟಕ್ಕೆ ಹೋಗುತ್ತದೆ. ನೀರು ತಿಳಿ ಹಳದಿ. ಕೈಯಲ್ಲಿ ಹಿಡಿದು ಉಜ್ಜಿದೆ. ಜಿಡ್ಡು ಹತ್ತಲಿಲ್ಲ. ಆದರೆ ಕೈಗೆ ಜಿಡ್ಡು ಹತ್ತದಿದ್ದರೆ ಸಾಲದು. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹಳ್ಳಕೊಳ್ಳ, ಕೆರೆಗೆ ಬಿಡುವ ನೀರಿನಲ್ಲೂ ತೋಟಕ್ಕೆ ಹಾಯಿಸುವ ನೀರಿನಲ್ಲೂ ಎಣ್ಣೆ ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. ಊರಿನ ಒಳಚರಂಡಿಗಾದರೆ 20. ಹತ್ತು ಮಿಲಿಗ್ರಾಂ ಎಂದರೆ ಸಾವಿರ ಲೀಟರಿಗೆ ಹತ್ತು ಗ್ರಾಂ, ತಲೆಗೆ ಹಚ್ಚುವ ಎರಡು ಮೂರು ಚಮಚ ಎಣ್ಣೆ. ಅದನ್ನು ಪ್ರಯೋಗಾಲಯವೇ ಹೇಳಬೇಕು. ಅವರ ವರದಿಯ ಫೈಲು ಕಚೇರಿಯ ಬೀರುವಿನಲ್ಲಿತ್ತು, ನನಗೆ ತೋರಿಸಲಿಲ್ಲ.

ಈ ಹತ್ತು ಗ್ರಾಮಿಗೆ ಇಷ್ಟೇಕೆ ಚಿಂತೆ ಎಂದರೆ, ಈ ಸೀಮೆಯಲ್ಲಿ ಹಳ್ಳ ಎಂಬುದು ಮುಂದಿನ ಊರಿನ ಕೆರೆಯ ಬಾಯಿ. ಒಂದು ಕೆರೆಯ ಕೋಡಿ ಇನ್ನೊಂದರ ಒಡಲು. ಹೇಮಾವತಿ ನಾಲೆಯ ನೀರಿಗಾಗಿ ವರ್ಷಗಟ್ಟಲೆ ಕಾದು ತುಂಬಿಸಿಕೊಂಡ ಕೆರೆಗಳು ಇಲ್ಲಿವೆ. ಒಂದು ಕಿಲೋ ತೆಂಗಿನೆಣ್ಣೆ ನೀರಿನಲ್ಲಿ ಪೂರ್ತಿ ಕೊಳೆತು ಮುಗಿಯಬೇಕಾದರೆ ಸುಮಾರು 2.7 ಕಿಲೋ ಆಮ್ಲಜನಕ ಬೇಕು. ಒಳ್ಳೆಯ ಕೆರೆ ನೀರಿನಲ್ಲಿ ಲೀಟರಿಗೆ ಇರುವ ಆಮ್ಲಜನಕ ಏಳೆಂಟು ಮಿಲಿಗ್ರಾಂ. ಲೆಕ್ಕ ಹಾಕಿದರೆ ಒಂದೇ ಕಿಲೋ ಎಣ್ಣೆ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರಿನ ಉಸಿರು ಕಿತ್ತುಕೊಳ್ಳಬಲ್ಲದು. ಮೇಲೆ ಹರಡಿದ ತೆಳು ಪೊರೆ ಹೊಸ ಗಾಳಿ ಬೆರೆಯುವುದನ್ನೂ ತಡೆಯುತ್ತದೆ. ಮೀನು ಸತ್ತು ತೇಲಿದ ಮೇಲೆ ಕಾರಣ ಹುಡುಕುವುದಕ್ಕಿಂತ ಮೂರು ಕಿಲೋ ಸಿಪ್ಪೆ ಗುಡಿಸುವುದು ಸುಲಭ.

ಗೇಟಿನ ಕಡೆ ಹಿಂತಿರುಗುವಾಗ ಎಣ್ಣೆ ತೊಟ್ಟಿಯ ಮುಚ್ಚಳದ ಬಗ್ಗೆ ಕೇಳಿದೆ. ಮೊದಲು ಸಿಮೆಂಟಿನ ಚಪ್ಪಡಿ ಇತ್ತಂತೆ. ಎತ್ತಲು ಮೂವರು ಬೇಕು, ಮೂವರು ಒಟ್ಟಿಗೆ ಬಿಡುವಾಗುವುದು ವಾರಕ್ಕೊಮ್ಮೆ, ಕೆಲವು ಸಲ ತಿಂಗಳಿಗೊಮ್ಮೆ. ಅಷ್ಟರಲ್ಲಿ ಎಣ್ಣೆ ಗೋಡೆಯ ಕೆಳಗಿನವರೆಗೂ ಇಳಿದಿರುತ್ತಿತ್ತು. ಆಮೇಲೆ ಫೈಬರ್ ಮುಚ್ಚಳ ಮಾಡಿಸಿದರು. ಅಂದಿನಿಂದ ದಿನಾ ತೆಗೆಯುತ್ತಾರೆ. ಅವರು ನನ್ನೆದುರು ಒಂದೇ ಕೈಯಲ್ಲಿ ಎತ್ತಿದ್ದು ಅದನ್ನೇ.

ತಿಪಟೂರಿನಿಂದ ಹುಳಿಯಾರಿನವರೆಗೆ, ನೊಣವಿನಕೆರೆಯಿಂದ ಮಾಯಸಂದ್ರದವರೆಗೆ ಗಾಣ, ಎಣ್ಣೆ ಮಿಲ್ಲು, ಕಾಯಿಪುಡಿ ಘಟಕ ನಡೆಸುತ್ತಿರುವವರು, ಹೆದ್ದಾರಿ ಬದಿಯಲ್ಲಿ ಹೋಟೆಲ್ ಇಟ್ಟವರು ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ. ನಿಮ್ಮ ಹಿತ್ತಲಿನ ತೊಟ್ಟಿಯ ಮುಚ್ಚಳವನ್ನು ನಾಳೆ ಬೆಳಗ್ಗೆ ಒಮ್ಮೆ ಎತ್ತಿಸಿ ನೋಡಿ. ಒಬ್ಬರಿಂದ ಎತ್ತಲು ಆಗದಿದ್ದರೆ ಮೊದಲು ಅದನ್ನು ಬದಲಿಸಿ. ಅದನ್ನು ನೋಡಿಕೊಳ್ಳುವವರಿಗೆ ದಿನಕ್ಕೊಂದು ಗಂಟೆ ಬಿಡುವು ಕೊಟ್ಟು, ಆ ಗಂಟೆಯನ್ನು ಕೂಲಿಯಲ್ಲಿ ಲೆಕ್ಕ ಹಿಡಿಯಿರಿ.